ನಾಟಿ ಹಿಪ್ಪುನೇರಳೆಯ ಗುರುತು ಮತ್ತು ಸಾಕಣೆ

(ರೇಷ್ಮೆ ಗಿರಣಿಯ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬಂದವರಲ್ಲಿ ಬಹುಮಂದಿ ರೇಷ್ಮೆಯಿಂದ ಹೊಟ್ಟೆ ಹೊರೆಯುವವರು. ನೂಲು ಬಿಚ್ಚುವವರಿದ್ದೀರಿ, ಹುರಿ ಹಾಕುವವರಿದ್ದೀರಿ, ಗೂಡು ಕೊಳ್ಳುವವರಿದ್ದೀರಿ, ಸೀರೆ ಮಾರುವವರೂ ಇದ್ದೀರಿ. ಹೀಗಿದ್ದೂ ಕಳೆದ ವರ್ಷ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡಲಾರದೆ ನಾವೆಲ್ಲರೂ ತಲೆ ತಗ್ಗಿಸಿದೆವು. ಅದನ್ನು ಮೊದಲು ಹೇಳಿಬಿಡುತ್ತೇವೆ.

ಸಾಲುಮನೆಗಳ ಹಿಂದೆ, ನಲ್ಲಿಕಟ್ಟೆಯ ಪಕ್ಕದಲ್ಲಿದ್ದ ಮರ ನಿಮಗೆ ನೆನಪಿರಬೇಕು. ಚರಂಡಿ ಅಗಲ ಮಾಡುವುದಕ್ಕಾಗಿ ಅದನ್ನು ಕಡಿಯಲು ಬಂದಾಗ ನಾವು ಹತ್ತಾರು ಜನ ಹೋಗಿ ಬೇಡವೆಂದು ಅಡ್ಡ ನಿಂತೆವು. ಬಂದಿದ್ದ ಅಧಿಕಾರಿ ಒರಟು ಮನುಷ್ಯರೇನಲ್ಲ. "ಯಾವ ಜಾತಿಯ ಮರ ಹೇಳಿ, ಬರೆದುಕೊಳ್ಳುತ್ತೇನೆ" ಎಂದರು. ಒಬ್ಬರು ಹಿಪ್ಪುನೇರಳೆ ಎಂದರು. ಇನ್ನೊಬ್ಬರು ಉಪ್ಪುನೇರಳೆ ಎಂದರು. ಕೋಲಾರದ ಕಡೆಯ ಅಜ್ಜಿಯೊಬ್ಬರು ಕಂಬಳಿ ಗಿಡ ಎಂದರು. ಬಿಸಿನೀರಿನ ಬೇಸಿನ್ನಿನ ಮುಂದೆ ಮೂವತ್ತು ವರ್ಷ ಕೂತ ನಮ್ಮ ಚಾಚಾ ಶಹತೂತ್ ಎಂದರು. ಹಿಂದಿನಿಂದ ಯಾರೋ, "ಹಿಪ್ಪುನೇರಳೆ ಸೊಂಟದೆತ್ತರದ ಗಿಡ, ಮರವೆಲ್ಲಿ ಆಗುತ್ತದೆ? ಇದು ಕಾಡತ್ತಿ" ಎಂದು ಕೂಗಿದರು. ಅಧಿಕಾರಿ ನಕ್ಕು, "ನಿಮಗೇ ಗೊತ್ತಿಲ್ಲವಲ್ಲ" ಎಂದರು. ಮೂರನೆಯ ದಿನ ಮರ ನೆಲಕ್ಕೆ ಬಿತ್ತು.

ಮೊದಲ ನಾಲ್ಕು ಹೆಸರೂ ಸರಿ. ಐದನೆಯದೊಂದೇ ತಪ್ಪು. ಆದರೆ ತಪ್ಪು ಹೇಳಿದವರನ್ನು ಬಯ್ಯುವಂತಿಲ್ಲ. ಹೊಲದಲ್ಲಿ ನಾವು ನೋಡುವುದೆಲ್ಲ ಬುಡದವರೆಗೆ ಕೊಯ್ದು ಕೊಯ್ದು ಪೊದೆಯಾದ ಗಿಡವನ್ನೇ. ಕೊಯ್ಯದೆ ಬಿಟ್ಟರೆ ಅದು ಮರವೇ ಆಗುತ್ತದೆ, ಮೂವತ್ತು ನಲವತ್ತು ಅಡಿಯೂ ಏರುತ್ತದೆ. ಹೆಸರಿನಲ್ಲಿ ಹಿಪ್ಪೆಯೂ ಇದೆ, ನೇರಳೆಯೂ ಇದೆ. ಎರಡಕ್ಕೂ ಇದಕ್ಕೂ ನೆಂಟಸ್ತನವಿಲ್ಲ. ಇದರ ನಿಜವಾದ ದಾಯಾದಿಗಳು ಆಲ, ಅರಳಿ, ಅತ್ತಿ, ಹಲಸು. ಕಾಡತ್ತಿ ಎಂದವರು ಮನೆ ತಪ್ಪಿದರೇ ಹೊರತು ಬೀದಿ ತಪ್ಪಲಿಲ್ಲ.

ಉರುಳಿದ ಮರದ ರೆಂಬೆಗಳನ್ನು ಅಂದು ಸಂಜೆ ಒಲೆಗೆಂದು ಹೊರುತ್ತಿದ್ದಾಗ ಚಾಚಾ ತಡೆದರು. "ಇದು ನಾಟಿ ಕಡ್ಡಿ, ಇನ್ನು ಮೇಲೆ ಎಲ್ಲಿ ಹುಡುಕುತ್ತೀರಿ? ನಾಲ್ಕು ಕಡ್ಡಿ ಇಟ್ಟುಕೊಳ್ಳಿ" ಎಂದರು. ಇಂದಿನ ಭಾಷಣ ಆ ಮಾತಿನಿಂದ ಹುಟ್ಟಿದ್ದು.

ನಾಟಿ ಎಂದರೆ ಏನು? ಈ ಮಣ್ಣಿನಲ್ಲೇ ಹುಟ್ಟಿ ಬೇರೆಲ್ಲಿಂದಲೂ ಬಾರದ್ದು ಎಂದು ತಿಳಿದರೆ ತಪ್ಪಾಗುತ್ತದೆ. ಹಿಪ್ಪುನೇರಳೆಯ ನಾಲ್ಕು ಜಾತಿಗಳು ಭಾರತದಲ್ಲಿವೆ. ಅವುಗಳಲ್ಲಿ ಒಂದು ಹಿಮಾಲಯದ ಎತ್ತರದಲ್ಲಿ ಬೆಳೆಯುವ ದೊಡ್ಡ ಮರ. ಎಲೆಯಂಚಿನಲ್ಲಿ ಗರಗಸದಂಥ ಹಲ್ಲು, ಅಡಿಯಲ್ಲಿ ನವಿರು. ಇನ್ನೊಂದು ಬೆರಳುದ್ದದ ಹಣ್ಣು ಬಿಡುವ ಜಾತಿ. ಮೂರನೆಯದು ಬಿಳಿ ಹಿಪ್ಪುನೇರಳೆ. ಚೀನಾದ ರೇಷ್ಮೆಗೆಲ್ಲ ಮೂಲ. ನಾಲ್ಕನೆಯದಕ್ಕೆ ಸಸ್ಯಶಾಸ್ತ್ರದವರು ಮೋರಸ್ ಇಂಡಿಕಾ ಎನ್ನುತ್ತಾರೆ. ನಮ್ಮ ಹಳೆಯ ಮೈಸೂರು ಸೀಮೆಯ ಹೊಲಗಳಲ್ಲಿ ತಲೆತಲಾಂತರದಿಂದ ಬಂದ ಕಡ್ಡಿ ಈ ಗುಂಪಿನದು. ಇಲಾಖೆಯ ಪುಸ್ತಕಗಳಲ್ಲಿ ಅದರ ಹೆಸರು ಮೈಸೂರು ಲೋಕಲ್. ಟಿಪ್ಪುವಿನ ಆಳ್ವಿಕೆಯಲ್ಲಿ, 1780ರ ದಶಕದಲ್ಲಿ, ಬಂಗಾಳಕ್ಕೆ ಆಳು ಕಳಿಸಿ ರೇಷ್ಮೆ ಹುಳು ತರಿಸಿದಾಗಿನಿಂದ ಇಲ್ಲಿ ಈ ಕಸುಬು ಬೇರೂರಿತು. 1896ರಲ್ಲಿ ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನವರನ್ನು ಕರೆಸಿ ರೇಷ್ಮೆ ತೋಟ ಮಾಡಿದರು. ಆ ಬಡಾವಣೆಗೆ ಇಂದಿಗೂ ಟಾಟಾ ಸಿಲ್ಕ್ ಫಾರಂ ಎಂದೇ ಹೆಸರು. ಹುಳು ಹೊರಗಿನಿಂದ ಬಂತು, ವಿದ್ಯೆ ಹೊರಗಿನಿಂದ ಬಂತು. ಈ ಸಾಲುಮನೆಗಳಲ್ಲಿರುವ ನಾವೂ ಎಲ್ಲೆಲ್ಲಿಂದಲೋ ಬಂದವರೇ. ಇನ್ನೂರು ವರ್ಷ ಈ ಬಿಸಿಲು, ಈ ಕೆಂಪು ಮಣ್ಣು, ಈ ಬರಗಾಲಗಳನ್ನು ಉಂಡು ಉಳಿದ ಕಡ್ಡಿಯನ್ನು ರೈತ ನಾಟಿ ಎಂದು ಕರೆದ. ಆ ಹೆಸರಿಗೆ ಅಷ್ಟು ಆಧಾರ ಸಾಕು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಗುರುತಿನ ವಿಷಯ. ಎಲೆಯ ತೊಟ್ಟು ಮುರಿಯಿರಿ. ಬಿಳಿ ಹಾಲು ಬರಬೇಕು. ಆದರೆ ಹಾಲು ಕಾಡತ್ತಿಯಲ್ಲೂ ಬರುತ್ತದೆ. ಆದುದರಿಂದ ಎಲೆಗಳು ಕೂತ ಬಗೆ ನೋಡಿ. ಕಾಡತ್ತಿಯಲ್ಲಿ ಎಲೆಗಳು ಸಾಮಾನ್ಯವಾಗಿ ಎದುರುಬದುರು ಜೋಡಿಯಾಗಿರುತ್ತವೆ. ಹಿಪ್ಪುನೇರಳೆಯಲ್ಲಿ ಒಂದು ಈ ಕಡೆ, ಮೇಲೆ ಇನ್ನೊಂದು ಆ ಕಡೆ. ಎಲೆಯ ಬುಡದಿಂದಲೇ ಮೂರು ನರಗಳು ಕವಲೊಡೆಯುತ್ತವೆ. ಅಂಚೆಲ್ಲ ಹಲ್ಲು. ತುದಿ ಮಾತ್ರ ಇಲಿಯ ಬಾಲದಂತೆ ಸಣ್ಣಗೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಈ ಬಾಲ ನಾಟಿಯ ಒಂದು ಒಳ್ಳೆಯ ಗುರುತು.

ಇನ್ನೊಂದು ಗುರುತು ಮಕ್ಕಳಿಗೆ ಬೇಗ ಹತ್ತುತ್ತದೆ. ಒಂದೇ ರೆಂಬೆಯಲ್ಲಿ ಒಂದು ಎಲೆ ಇಡಿಯಾಗಿ ವೀಳ್ಯದೆಲೆಯಂತೆ, ಅದರ ಪಕ್ಕದ್ದು ಕತ್ತರಿಯಲ್ಲಿ ಕತ್ತರಿಸಿದಂತೆ ಮೂರು ಭಾಗ, ಮತ್ತೊಂದು ಐದು ಭಾಗ. ಎಳೆಯ ಚಿಗುರಿನಲ್ಲಿ ಇದು ಹೆಚ್ಚು. ಎಲೆ ಸಣ್ಣದು, ತೆಳ್ಳಗಿನದು, ಬೆರಳಾಡಿಸಿದರೆ ಸ್ವಲ್ಪ ಒರಟು. ಇದನ್ನೇ ಈಗಿನ ವಿ-1 ತಳಿಯ ಪಕ್ಕದಲ್ಲಿ ಹಿಡಿದು ನೋಡಿ. 1997ರಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಹೊರಬಂದ ಆ ತಳಿಯ ಎಲೆ ದೊಡ್ಡದು, ದಪ್ಪ, ಕಡು ಹಸಿರು, ಹೊಳಪು, ಎಲ್ಲವೂ ಇಡಿಯಾದ ಎಲೆ. ಕಣ್ಣು ಮುಚ್ಚಿ ಕೈಯಲ್ಲಿ ಮುಟ್ಟಿಯೇ ಎರಡನ್ನೂ ಬೇರೆ ಮಾಡಬಹುದು. ನಡುವೆ ಬಂದ ಎಂ-5 ಅಥವಾ ಕಣ್ವ-2 ಎಂಬುದು ಕೊಂಚ ತೊಡಕು. ಅದು ನಾಟಿಯ ಬೀಜದಿಂದಲೇ ಹುಟ್ಟಿ ಚನ್ನಪಟ್ಟಣದ ಹತ್ತಿರದ ಕಣ್ವ ತೋಟದಲ್ಲಿ ಆರಿಸಿದ್ದು. ಆದರೆ ಅದರ ಎಲೆಯಲ್ಲೂ ಸೀಳು ಇರುವುದಿಲ್ಲ.

ಕೊನೆಯ ಗುರುತು ಕಾಯಿಯಲ್ಲಿದೆ. ಹಿಪ್ಪುನೇರಳೆ ಹಣ್ಣು ಎಂದರೆ ಪುಟ್ಟ ಹಲಸು ಎಂದು ತಿಳಿಯಿರಿ. ಹಲಸಿನ ತೊಳೆಗಳಂತೆ ಇದರ ಒಂದೊಂದು ಮಣಿಯೂ ಒಂದೊಂದು ಹೂವು. ಎಳೆಗಾಯಿಯನ್ನು ಬೆಳಕಿಗೆ ಹಿಡಿದರೆ ನಾಟಿಯಲ್ಲಿ ಪ್ರತಿ ಮಣಿಯ ಮೇಲೂ ಚಿಕ್ಕ ಕಡ್ಡಿ, ಅದರ ತುದಿಯಲ್ಲಿ ಕವಲಾದ ಎರಡು ಎಳೆ ಕಾಣುತ್ತವೆ. ಬಿಳಿ ಹಿಪ್ಪುನೇರಳೆಯಲ್ಲಿ ಆ ಕಡ್ಡಿ ಇಲ್ಲವೆನ್ನುವಷ್ಟು ಗಿಡ್ಡ, ಎಳೆಗಳು ನೇರ ಮಣಿಗೇ ಅಂಟಿದಂತಿರುತ್ತವೆ. ನಾಟಿಯ ಹಣ್ಣು ಕೆಂಪಾಗಿ ಕೊನೆಗೆ ಕಪ್ಪಾಗುತ್ತದೆ. ಸಾಮಾನ್ಯವಾಗಿ ಗಂಡು ಹೂವಿನ ಮರ ಬೇರೆ, ಹೆಣ್ಣು ಹೂವಿನ ಮರ ಬೇರೆ. ಎರಡೂ ಒಂದೇ ಮರದಲ್ಲಿ ಬರುವುದೂ ಉಂಟು.

ಹಾಗಾದರೆ ಹಣ್ಣಿನ ಬೀಜ ಬಿತ್ತಿದರಾಯಿತಲ್ಲ, ಕಡ್ಡಿಯ ಗೊಡವೆ ಯಾಕೆ ಎಂದು ಕೇಳಬಹುದು. ಬೀಜದಿಂದ ಬಂದ ಸಸಿ ತಾಯಿಯ ಹಾಗೆ ಇರುವುದಿಲ್ಲ. ಹಿಪ್ಪುನೇರಳೆಯ ಪರಾಗ ಗಾಳಿಯಲ್ಲಿ ಹೋಗುತ್ತದೆ. ಊರಾಚೆಯ ಬೇರೆ ತಳಿಯ ಪರಾಗ ಬಂದು ಕೂಡಬಹುದು. ಕಣ್ವ-2 ಹೀಗೆ ಹುಟ್ಟಿದ ಒಳ್ಳೆಯ ಮಗು. ಎಲ್ಲ ಸಲವೂ ಹಾಗಾಗುವುದಿಲ್ಲ.

ಇದರ ಇನ್ನೊಂದು ಮುಖ ನೋಡಬೇಕಾದರೆ ಸಮುದ್ರ ದಾಟಬೇಕು. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಅವರದೇ ಆದ ಕೆಂಪು ಹಿಪ್ಪುನೇರಳೆ ಇದೆ. ರೇಷ್ಮೆ ಬೆಳೆಯುವ ಆಸೆಯಿಂದ ಅಲ್ಲಿಗೆ ಬಿಳಿ ಹಿಪ್ಪುನೇರಳೆಯನ್ನು ತಂದು ನೆಟ್ಟರು. ರೇಷ್ಮೆ ಉದ್ಯಮ ನಿಲ್ಲಲಿಲ್ಲ, ಮರ ನಿಂತಿತು, ನಾಟಿಯೊಡನೆ ಬೆರೆಯಿತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಈಗ ಶುದ್ಧವಾದ ಕೆಂಪು ಮರ ಅಳಿವಿನಂಚಿಗೆ ಬಂದಿದೆಯೆಂದು ಸರ್ಕಾರವೇ ಪಟ್ಟಿಯಲ್ಲಿ ಸೇರಿಸಿದೆ. ಕೊಡಲಿಗೆ ಸಿಕ್ಕಿ ಹೋದದ್ದು ಸ್ವಲ್ಪ. ಬೆರಕೆಯಲ್ಲಿ ಕರಗಿ, ಯಾವುದು ಯಾವುದೆಂದು ಗುರುತು ಸಿಗದೆ ಹೋಗುತ್ತಿರುವುದು ಬಹಳ.

ವರ್ತಕ ಮಿತ್ರರಿಗಾಗಿ ಅದೇ ದೇಶದ ಇನ್ನೊಂದು ಸಂಗತಿ. 1830ರ ದಶಕದಲ್ಲಿ ಅಲ್ಲಿ ಮಲ್ಟಿಕಾಲಿಸ್ ಎಂಬ ಹಿಪ್ಪುನೇರಳೆ ತಳಿಯ ಮೇಲೆ ಹುಚ್ಚು ಹಿಡಿಯಿತು. ಹುಳು ಸಾಕುವವರಿಗಿಂತ ಸಸಿ ಮಾರುವವರು ಹೆಚ್ಚಾದರು. ಸಸಿ ಕೊಂಡವನು ಎಲೆಗಾಗಿ ಕೊಳ್ಳಲಿಲ್ಲ, ಮುಂದಿನವನಿಗೆ ಹೆಚ್ಚಿನ ಬೆಲೆಗೆ ಮಾರುವುದಕ್ಕಾಗಿ ಕೊಂಡ. 1839ರಲ್ಲಿ ಬೆಲೆ ಕುಸಿಯಿತು. ಕೈಯಲ್ಲಿ ಸಸಿ ಉಳಿದವರು ಮುಳುಗಿದರು. ಆದುದರಿಂದ ನಿಮ್ಮ ಅಂಗಡಿಗೆ ಯಾರಾದರೂ ಬಂದು "ಅಪ್ಪಟ ನಾಟಿ, ಒಂದಕ್ಕೆ ಇಷ್ಟು" ಎಂದು ಸಸಿ ತೋರಿಸಿದರೆ ಎಲೆಯ ಬಾಲ ನೋಡಿ, ಸೀಳು ನೋಡಿ, ಆಮೇಲೆ ದುಡ್ಡಿನ ಡಬ್ಬಿ ತೆರೆಯಿರಿ. ತೆರೆಯದಿದ್ದರೆ ಇನ್ನೂ ಮೇಲು. ಹಿಪ್ಪುನೇರಳೆ ಕಡ್ಡಿಯನ್ನು ಹಳ್ಳಿಯವರು ಒಬ್ಬರಿಂದೊಬ್ಬರು ಕೇಳಿ ತಂದುಕೊಂಡೇ ಹೊಲ ತುಂಬಿಸಿದವರು.

ನಾಟಿಯನ್ನು ಉಳಿಸಬೇಕೆನ್ನುವ ಭರದಲ್ಲಿ ಸುಳ್ಳು ಹೇಳಬಾರದು. ನೀರು, ಗೊಬ್ಬರ ಎರಡೂ ಇರುವ ರೈತನಿಗೆ ವಿ-1ರ ಮುಂದೆ ನಾಟಿ ನಿಲ್ಲುವುದಿಲ್ಲ. ಚೆನ್ನಾಗಿ ನೀರುಣಿಸಿದರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ತನಕ ಸೊಪ್ಪು ಬರುತ್ತದೆಂದು ಆ ತಳಿಯ ಲೆಕ್ಕ. ನಾಟಿಯಲ್ಲಿ ಅದರ ಅರ್ಧವೂ ಕಷ್ಟ. ವಿ-1 ಕಿತ್ತು ನಾಟಿ ಹಾಕಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ನೀರು ಎಲ್ಲಿದೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊರೆದರೂ ಧೂಳು ಬರುವ ಕೊಳವೆಬಾವಿಗಳ ಕತೆ ನಿಮಗೆ ಹೊಸದಲ್ಲ. ಈ ಸಭೆಯಲ್ಲೇ ಎಷ್ಟು ಜನ ಊರಿನ ಬಾವಿ ಬತ್ತಿ, ಕೊರೆಸಿದ ಸಾಲ ತಲೆಯ ಮೇಲೆ ಹೊತ್ತು, ಬೇಸಿನ್ನಿನ ಕೆಲಸಕ್ಕೆ ಬಂದಿದ್ದೀರಿ? ಊರಿನಲ್ಲಿ ಅಣ್ಣನೋ ಅಪ್ಪನೋ ಇನ್ನೂ ಒಂದೆಕರೆಯನ್ನು ಕಾಯುತ್ತ ಕೂತಿಲ್ಲವೇ?

ಆ ಒಂದೆಕರೆಗಾಗಿಯೇ ಮರದ ಮಾತು. ಪೊದೆಯ ಬೇರು ಮೇಲೆ ಹರಡಿ ಪದೇ ಪದೇ ನೀರು ಕೇಳುತ್ತದೆ. ಮರ ಮಾಡಿ ದೂರ ದೂರ ನೆಟ್ಟರೆ ಬೇರು ಕೆಳಗಿಳಿಯುತ್ತದೆ, ಎರಡು ಮಳೆಯ ನಡುವಿನ ಒಣಹವೆಯನ್ನು ತಾಳುತ್ತದೆ. ಬಯಲು ಸೀಮೆಯ ರೈತರು ಇದಕ್ಕೆ ಮರಗಡ್ಡಿ ಎಂದು ಹೆಸರಿಟ್ಟಿದ್ದಾರೆ. ಹತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 435 ಮರ. ಟ್ಯಾಂಕರಿನ ನೀರಿನಲ್ಲೇ ಅವನ್ನು ಬದುಕಿಸಿದವರಿದ್ದಾರೆ. ಅವರಲ್ಲಿ ಹಲವರು ನೆಟ್ಟಿರುವುದು ವಿ-1ನ್ನೇ, ಅದೂ ಸರಿಯೆ. ನಾವು ಕೇಳುವುದು ಇಷ್ಟೆ: ಬದುವಿನ ಮೇಲೆ, ಬಾವಿಯ ಕಟ್ಟೆಯ ಹತ್ತಿರ, ಸಾಲಿನ ಕೊನೆಗೆ ನಾಲ್ಕು ನಾಟಿ ಮರ ಇರಲಿ. ಮುಂದೆ ಬರ ತಾಳುವ ಹೊಸ ತಳಿ ಬೇಕೆಂದು ಸಂಸ್ಥೆಯವರು ಹುಡುಕಿದಾಗ ಅವರಿಗೂ ಬೇಕಾಗುವುದು ಈ ಹಳೆಯ ಕಡ್ಡಿಯೇ.

ಈಗ ಬೆಳೆಸುವ ಕೆಲಸ. ಇಲ್ಲಿ ನಾವು ಮಾಡಿದ ತಪ್ಪುಗಳನ್ನೂ ಹೇಳುತ್ತೇವೆ, ನೀವು ಮತ್ತೆ ಮಾಡುವುದು ಬೇಡ.

ಆರರಿಂದ ಎಂಟು ತಿಂಗಳು ಬಲಿತ ರೆಂಬೆ ಆರಿಸಿ. ತುದಿಯ ಹಸಿರು ಭಾಗ ಬೇಡ, ಬುಡದ ದಪ್ಪ ಭಾಗವೂ ಬೇಡ. ನಡುವಿನ ಪೆನ್ಸಿಲ್ ಗಾತ್ರದ್ದನ್ನು ಗೇಣಿಗಿಂತ ತುಸು ಕಡಿಮೆ ಉದ್ದಕ್ಕೆ, ಮೂರು ನಾಲ್ಕು ಕಣ್ಣು ಇರುವಂತೆ, ಹರಿತವಾದ ಕುಡುಗೋಲಿನಲ್ಲಿ ಒಂದೇ ಏಟಿಗೆ ಕತ್ತರಿಸಬೇಕು. ಸಿಪ್ಪೆ ಸುಲಿದರೆ ಕಡ್ಡಿ ಕೆಟ್ಟಿತು. ಕಡ್ಡಿಯನ್ನು ನೆಡುವಾಗ ಕಣ್ಣಿನ ಮೂತಿ ಮೇಲಕ್ಕಿರಬೇಕು. ನಗಬೇಡಿ, ನಾವು ಕತ್ತಲಲ್ಲಿ ಆತುರಾತುರವಾಗಿ ನಾಟಿದ ಅರವತ್ತರಲ್ಲಿ ಇಪ್ಪತ್ತನ್ನು ತಲೆಕೆಳಗಾಗಿ ನೆಟ್ಟಿದ್ದೆವು! ಅವು ಒಂದೂ ಬದುಕಲಿಲ್ಲ. ಅಂದಿನಿಂದ ಕಡ್ಡಿಯ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸುವ ರೂಢಿ ಮಾಡಿಕೊಂಡಿದ್ದೇವೆ, ಕತ್ತಲಲ್ಲಿಯೂ ತಿಳಿಯುತ್ತದೆ.

ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಪಾತಿ ಮಾಡಿ. ಕಡ್ಡಿಯನ್ನು ಓರೆಯಾಗಿ ಇಳಿಸಿ ಒಂದು ಕಣ್ಣು ಮಾತ್ರ ಮೇಲೆ ಬಿಡಿ, ಸುತ್ತ ಮಣ್ಣನ್ನು ಬೆರಳಿನಿಂದ ಒತ್ತಿ. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಹತ್ತು ಹದಿನೈದು ದಿನಕ್ಕೆ ಚಿಗುರು ಕಾಣುತ್ತದೆ. ಇಲ್ಲಿ ಮೋಸ ಹೋಗಬೇಡಿ. ಕಡ್ಡಿಯೊಳಗೆ ಕೂಡಿಟ್ಟ ಸತ್ವದಿಂದಲೇ ಮೊದಲು ಎಲೆ ಒಡೆಯುತ್ತದೆ, ಬೇರು ಆಮೇಲೆ. ಚಿಗುರು ಬಂತು, ಬೇರು ಬಂದಿದೆಯೋ ನೋಡೋಣ ಎಂದು ಕಿತ್ತು ನೋಡಿ ಮತ್ತೆ ನೆಟ್ಟ ಬುದ್ಧಿವಂತರೂ ನಮ್ಮಲ್ಲಿದ್ದರು. ಹೀಗೆಲ್ಲ ಕಳೆದು ಕೊನೆಗೆ ಉಳಿದದ್ದು ಹದಿನೇಳು.

ಪೊದೆಗಾದರೆ ಮೂರು ನಾಲ್ಕು ತಿಂಗಳ ಸಸಿ ಸಾಕು. ಮರ ಬೇಕಾದರೆ ಪಾತಿಯಲ್ಲೇ ಎಂಟು ಹತ್ತು ತಿಂಗಳು ಇಟ್ಟು, ಪಕ್ಕದ ಕವಲುಗಳನ್ನು ಚಿವುಟುತ್ತ ಒಂದೇ ಕಾಂಡವಾಗಿ ಆಳೆತ್ತರಕ್ಕೆ ಬೆಳೆಸಬೇಕು. ಎರಡು ಅಡಿ ಉದ್ದಗಲ ಆಳದ ಗುಂಡಿ ಮಳೆಗೆ ಮೊದಲೇ ತೋಡಿ ಬಿಸಿಲು ಕಾಯಿಸಿ. ಒಣಗಿದ ಎಲೆ, ಎರಡು ಬುಟ್ಟಿ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ ಮುಚ್ಚಿ. ಮುಂಗಾರು ಹಿಡಿದ ಮೇಲೆ ನೆಡಿ. ಗಾಳಿಗೆ ಅಲುಗದಂತೆ ಊರುಗೋಲು ಕಟ್ಟಿ. ಆಡಿಗೆ ಇದರ ಎಲೆಯಷ್ಟು ಪ್ರಿಯವಾದದ್ದು ಮತ್ತೊಂದಿಲ್ಲ, ಜಾಲಿಮುಳ್ಳಿನ ಬೇಲಿ ಇಲ್ಲದಿದ್ದರೆ ನೆಡಲೇಬೇಡಿ. ಮೊದಲ ಬೇಸಿಗೆಗೆ ತಳದಲ್ಲಿ ತೂತು ಮಾಡಿ ಬತ್ತಿ ಇಟ್ಟ ಮಣ್ಣಿನ ಮಡಕೆಯೊಂದನ್ನು ಬುಡದ ಹತ್ತಿರ ಹೂತು, ಬರಿದಾದಾಗ ಪಾತ್ರೆ ತೊಳೆದ ನೀರನ್ನಾದರೂ ತುಂಬಿಸಿ. ಸೋಪಿನ ನೀರು ಬೇಡ.

ನಾಲ್ಕರಿಂದ ಐದು ಅಡಿಯ ಎತ್ತರದಲ್ಲಿ ತುದಿ ಕತ್ತರಿಸಿದರೆ ಮೂರು ನಾಲ್ಕು ತೋಳು ಒಡೆಯುತ್ತವೆ. ಮುಂದಿನ ವರ್ಷ ಆ ತೋಳುಗಳನ್ನು ಒಂದು ಮೊಳ ಬಿಟ್ಟು ಕತ್ತರಿಸಿ. ಹೀಗೆ ಛತ್ರಿ ಕಟ್ಟಿಕೊಳ್ಳುತ್ತದೆ. ಮೊದಲ ವರ್ಷ ಒಂದು ಎಲೆಯನ್ನೂ ಕೀಳಬೇಡಿ. ಎಲೆ ಮುದುಡಿ, ತುದಿ ಗಂಟಾಗಿ, ಒಳಗೆ ಬಿಳಿ ಹಿಟ್ಟಿನಂಥದು ಕಂಡರೆ ಅದು ತುಕ್ರಾ; ಹಿಟ್ಟು ತಿಗಣೆಯ ಕೆಲಸ. ಆ ತುದಿ ಚಿವುಟಿ ಸುಟ್ಟುಬಿಡಿ. ಔಷಧಿ ಹೊಡೆಯಬೇಡಿ, ಔಷಧಿಯ ಎಲೆ ತಿಂದರೆ ಹುಳು ಉಳಿಯದು. ಹೊಗೆಸೊಪ್ಪಿನ ಹೊಲದ ಪಕ್ಕದ ಎಲೆಯೂ ಹುಳುವಿಗೆ ವಿಷವೇ.

ಹಿತ್ತಿಲಿನಲ್ಲಿ ಎರಡು ಮರ ಬೆಳೆಸಿ ರೇಷ್ಮೆ ತೆಗೆಯುತ್ತೇವೆಂದು ಯಾರೂ ಕನಸು ಕಾಣಬೇಡಿ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳು, ನಾಲ್ಕು ಜ್ವರ ದಾಟಿ ಹಣ್ಣಾಗುವ ಹೊತ್ತಿಗೆ ಎಂಟುನೂರರಿಂದ ಸಾವಿರ ಕಿಲೋ ಸೊಪ್ಪು ಮುಗಿಸುತ್ತದೆ. ಅದರಲ್ಲಿ ಹೆಚ್ಚುಪಾಲು ಕೊನೆಯ ಒಂದು ವಾರದಲ್ಲಿ. ಹಾಗೆ ಬಂದ ಗೂಡು ಏಳೆಂಟು ಕಿಲೋ ಸೇರಿದರೆ ನೀವು ಒಂದು ಕಿಲೋ ನೂಲು ಬಿಚ್ಚುತ್ತೀರಿ. ಹಿತ್ತಿಲ ಮರ ಮಕ್ಕಳ ಹಣ್ಣಿಗೆ, ನಲ್ಲಿಕಟ್ಟೆಯ ನೆರಳಿಗೆ, ಊರಿಗೆ ಕಡ್ಡಿ ಕಳಿಸುವುದಕ್ಕೆ.

ಬಟ್ಟೆ ಅಂಗಡಿಯ ಮಿತ್ರರೊಬ್ಬರು ಈ ಹಣ್ಣಿನ ಕಲೆ ಹೋಗುವುದಿಲ್ಲ, ಅಂಗಡಿ ಮುಂದೆ ಬೇಡ ಎಂದು ಆಗಲೇ ಚೀಟಿ ಕಳಿಸಿದ್ದಾರೆ. ನ್ಯಾಯವಾದ ಮಾತು. ಅಂಥ ಕಡೆ ಗಂಡು ಹೂವಿನ ಮರದ ಕಡ್ಡಿ ನೆಡಬಹುದು, ಹಣ್ಣಿರುವುದಿಲ್ಲ. ಆದರೆ ಅದರ ಪರಾಗ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಗೂಡು ಬೇಯಿಸುವ ಹಬೆಯಲ್ಲಿ ನಮ್ಮ ಎದೆ ಮೊದಲೇ ಸೋತಿರುವುದರಿಂದ ಮನೆಯ ಕಿಟಕಿಯ ಬಳಿ ಗಂಡು ಮರ ಬೇಡ.

ಆ ಹದಿನೇಳು ಸಸಿಗಳು ಈಗ ಆಳೆತ್ತರ ಬಂದಿವೆ. ಐದು ಸಾಲುಮನೆಗಳ ಹಿಂದಿನ ಜಾಗಕ್ಕೆ, ಚರಂಡಿಯಿಂದ ಈ ಸಲ ಹತ್ತು ಅಡಿ ಬಿಟ್ಟು. ಉಳಿದ ಹನ್ನೆರಡು ಊರಿಗೆ ಒಯ್ಯುವವರಿಗೆ. ಬೆಲೆ ಇಲ್ಲ, ಆದರೆ ಬದುಕಿದ ಮರದಿಂದ ಎರಡನೆಯ ವರ್ಷಕ್ಕೆ ಹತ್ತು ಕಡ್ಡಿ ತಂದು ಇಲ್ಲಿಗೆ ಕೊಡಬೇಕು, ಅದು ಕರಾರು. ಬರುವ ಭಾನುವಾರದೊಳಗೆ ಗುಂಡಿ ತೋಡಿದ್ದೇವೆಂದು ಹೇಳಿದವರಿಗೆ ಮೊದಲು ಸಸಿ. ಸಾಲುಮನೆಯ ಐದು ಮರಗಳಿಗೆ ತಗಡಿನ ಹಲಗೆ ಬರೆಸಿದ್ದೇವೆ. ಕನ್ನಡದಲ್ಲೂ ಉರ್ದುವಿನಲ್ಲೂ ನಾಲ್ಕು ಹೆಸರನ್ನೂ ಹಾಕಿಸಿದ್ದೇವೆ. ಬಣ್ಣದ ಅಂಗಡಿಯವರು ಕೂಲಿ ತೆಗೆದುಕೊಳ್ಳಲಿಲ್ಲ. ಅವರೂ ಒಂದು ಸಸಿ ಕೇಳಿದ್ದಾರೆ.